ಮೇಜಿನಾಚೆ ಕೂತ ಮನುಷ್ಯ

"ಆ ಗಂಟು ಬಿಚ್ಚಬೇಡ," ಎಂದರು ಇನ್ಸ್‌ಪೆಕ್ಟರಮ್ಮ.

ಶವಾಗಾರದ ಆಳು ಕತ್ತರಿ ಹಿಂದಕ್ಕೆ ತೆಗೆದ. ಕೋಟು, ಷೂ ಆಗಲೇ ಕಳಚಿ ತಗಡಿನ ಟ್ರೇಗೆ ಹಾಕಿದ್ದ. ಹೆಣದ ಮೈಮೇಲೆ ಉಳಿದದ್ದು ಬಿಳಿ ಅಂಗಿ, ಪ್ಯಾಂಟು, ಕುತ್ತಿಗೆಯ ನೀಲಿ ಟೈ.

ಮಲಗಿದ್ದವನನ್ನು ಮ್ಯಾನೇಜ್‌ಮೆಂಟ್ ಕಾಲೇಜಿನ ಇಡೀ ತರಗತಿ 'ದೊಡ್ಡಣ್ಣ' ಎನ್ನುತ್ತಿತ್ತು. ಹಿಂದಿನ ದಿನ ಅದೇ ಕಾಲೇಜಿನ ತಾರಸಿಯಿಂದ ಬಿದ್ದಿದ್ದ. ಎಂಬಿಎ ಓದಿಯೂ ಈ ವಯಸ್ಸಿಗೆ ಕೆಲಸ ಸಿಗಲಿಲ್ಲವೆಂಬ ಕೊರಗಿಗೆ ಹಾರಿಕೊಂಡ ಎಂದು ಡೀನ್ ಹೇಳಿಕೆ ಕೊಟ್ಟು ಕೈತೊಳೆದುಕೊಂಡಿದ್ದರು.

ಇನ್ಸ್‌ಪೆಕ್ಟರಮ್ಮ ಬಗ್ಗಿ ಆ ಗಂಟನ್ನೇ ನೋಡಿದರು. ಅಷ್ಟು ಎತ್ತರದಿಂದ ಬಿದ್ದರೂ ಅದು ಅಲುಗಾಡಿರಲಿಲ್ಲ. ಅಚ್ಚುಕಟ್ಟಾದ ಗಂಟು. ಆದರೆ ವಾಲಿದ್ದು ಮಾತ್ರ ಉಲ್ಟಾ ದಿಕ್ಕಿಗೆ.

ಅವರ ಮಗಳ ಶಾಲೆಯಲ್ಲಿ ಟೈ ಕಡ್ಡಾಯ. ದಿನಾ ಬೆಳಿಗ್ಗೆ ಮಗಳನ್ನು ಎದುರಿಗೆ ನಿಲ್ಲಿಸಿಕೊಂಡು, ಒಂದು ಕಣ್ಣು ಒಲೆಯ ಮೇಲಿಟ್ಟು ಅದನ್ನು ಕಟ್ಟುವುದು ಅಮ್ಮನ ಪಾಲಿನ ಕೆಲಸ. ಈಚೆಗೊಂದು ದಿನ ಮಗಳು ತಾನೇ ಕಟ್ಟಿಕೊಳ್ಳುತ್ತೇನೆಂದು ಹಟ ಹಿಡಿದಳು. ಗಂಟು ಎಂದಿನಂತೆ ಬಾರದೆ ಇನ್ನೊಂದು ಕಡೆಗೆ ವಾಲಿತು. ಎದುರು ನಿಂತು ಕಟ್ಟುವವರ ಬಲಗೈ ಕಟ್ಟಿಸಿಕೊಳ್ಳುವವರ ಎಡಕ್ಕೆ ಬರುತ್ತದೆ, ಅದಕ್ಕೇ ಗಂಟು ತಿರುವುಮುರುವು ಎಂದು ತಾಯಿ ಮಗಳು ಸೇರಿ ಪತ್ತೆ ಮಾಡಿ ನಕ್ಕಿದ್ದರು.

ದೊಡ್ಡಣ್ಣನ ಕೊರಳಲ್ಲಿದ್ದದ್ದು ಅಮ್ಮ ಕಟ್ಟುವಂಥ ಗಂಟು.

ಟ್ರೇಯಲ್ಲಿದ್ದ ಕೋಟನ್ನು ಎತ್ತಿ ನೋಡಿದರು. ಹೊಸದು. ಜೇಬುಗಳ ಬಾಯಿಗೆ ಅಂಗಡಿಯವರು ಹಾಕಿದ ಉದ್ದುದ್ದ ಹೊಲಿಗೆ ಇನ್ನೂ ಹಾಗೇ ಇತ್ತು. ಕೋಟು ಕೊಂಡವನು ಮೊದಲು ಮಾಡುವ ಕೆಲಸ ಜೇಬಿಗೆ ಕೈ ಹಾಕಿ ನೋಡುವುದು. ಈ ಕೋಟಿನ ಜೇಬಿಗೆ ಯಾರೂ ಕೈ ಹಾಕಿರಲಿಲ್ಲ.

ಹೊರಗೆ ಉದ್ದನೆ ಬೆಂಚಿನ ತುದಿಯಲ್ಲಿ ದೊಡ್ಡಣ್ಣನ ಹೆಂಡತಿ ಕೂತಿದ್ದಳು. ನೆರೆಹೊರೆಯ ಎಳೆಕೂಸುಗಳನ್ನು ಹಗಲು ನೋಡಿಕೊಂಡು ಮನೆ ನಡೆಸುತ್ತಿದ್ದ ಹೆಂಗಸು. ಅತ್ತಿರಲಿಲ್ಲ. ಅಳುವುದಕ್ಕೆ ಮುಂಚೆ ಮುಗಿಸಬೇಕಾದ ಕೆಲಸವೇನೋ ಇದೆ ಎನ್ನುವಂತೆ ಮುಖ ಬಿಗಿದುಕೊಂಡಿದ್ದಳು.

ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಗಂಡ ಕಾರ್ಖಾನೆಯ ಬಾಯ್ಲರ್ ಫೋರ್‌ಮನ್ ಆಗಿದ್ದವನು. ಮಾಲೀಕರು ಬದಲಾದ ಮೇಲೆ ಮೀಸೆ ಮೂಡದ ಹುಡುಗರು ಡಿಗ್ರಿ ಹಿಡಿದು ಬಂದು ಅವನ ತಲೆಯ ಮೇಲೆ ಕೂತರು. ಅವರಾಡುವ ಮಾತನ್ನು ತಾನೂ ಕಲಿತು ಬರುತ್ತೇನೆ ಎಂದು ಹೊರಟ. ಮೀಸೆ ನರೆತ ಮೇಲೆ ಪಾಟಿ ಹಿಡಿಯುತ್ತೀರಾ ಎಂದು ಅವಳು ಮೊದಲು ನಕ್ಕಳು, ಆಮೇಲೆ ಅವಳೇ ಪುಸ್ತಕ ಹಿಡಿದು ಪಾಠ ಒಪ್ಪಿಸಿಕೊಳ್ಳತೊಡಗಿದಳು. ಅರ್ಥವಾಗದ ಪ್ರಶ್ನೆಗಳನ್ನು ಅವಳು ಓದುವುದು, ಅವನು ಕಣ್ಣು ಮುಚ್ಚಿ ಉತ್ತರ ಹೇಳುವುದು. ತಪ್ಪೋ ಸರಿಯೋ ಅವಳಿಗೆ ಗೊತ್ತಿಲ್ಲ. ಅವನು ತಡವರಿಸದಿದ್ದರೆ ಸರಿ ಎಂದೇ ಲೆಕ್ಕ.

ಟೈ ವಿಷಯ ಕೇಳಿದಾಗ ಅವಳು ತಲೆಯೆತ್ತಿದಳು.

"ಅವರಿಗೆ ಅದು ಕಟ್ಟೋಕೇ ಬರಲ್ಲ ಮೇಡಂ. ದುಡಿಯೋ ಎತ್ತಿಗೆ ಮೂಗುದಾರ ಸಾಕು, ಕೊರಳಿಗೊಂದು ಯಾಕೆ ಅಂತಿದ್ರು. ನಮ್ಮ ಮನೇಲಿ ಟೈ ಇಲ್ಲ. ಕೋಟೂ ಇಲ್ಲ. ನಿನ್ನೆ ಹೊರಟಾಗ ಇದ್ದದ್ದು ಬಿಳಿ ಅಂಗಿ ಅಷ್ಟೇ."

ಎಡಗೈ ಬಳಸುವ ಅಭ್ಯಾಸವಿತ್ತೇ ಎಂದರೆ ಇಲ್ಲವೆಂದಳು. ಆಮೇಲೆ ಕೇಳದೆಯೇ ಒಂದು ಮಾತು ಹೇಳಿದಳು. ಈಚೆಗೆ ಅವನಿಗೆ ಊಟ ಸೇರುತ್ತಿರಲಿಲ್ಲ. ಒಂದು ದಿನ ತಟ್ಟೆಯ ಮುಂದೆ ಕೂತು ಕೇಳಿದನಂತೆ: ನಮ್ಮ ಮಾತು ನಂಬಿ ಯಾರಾದರೂ ಇರೋ ಅನ್ನ ಬಿಟ್ಟು ಬಂದರೆ, ಆ ಪಾಪ ಯಾರಿಗೆ?

"ಮಾತು ಕೊಟ್ಟೋರಿಗೆ ಅಂದುಬಿಟ್ಟೆ ಮೇಡಂ. ಮಗುಗೆ ಹಾಲು ಕುಡಿಸ್ತಾ ಇದ್ದೆ, ಯೋಚನೆ ಮಾಡದೆ ಅಂದುಬಿಟ್ಟೆ." ಅವಳ ಗಲ್ಲ ನಡುಗಿತು. "ನಾನು ಹಾಗಂದಿದ್ದಕ್ಕೇ ಹೀಗೆ ಮಾಡ್ಕೊಂಡ್ರಾ?"

ಹಾಗಲ್ಲ ಎಂದು ಹೇಳಲು ಇನ್ಸ್‌ಪೆಕ್ಟರಮ್ಮನ ಹತ್ತಿರ ಇದ್ದದ್ದು ಒಂದು ವಾಲಿದ ಗಂಟು ಮಾತ್ರ. ಅದನ್ನು ಹೆಂಡತಿಗೆ ತೋರಿಸುವಂತಿರಲಿಲ್ಲ. ಮನೆಯಿಂದ ಅವನದೊಂದು ಫೋಟೋ ತರಿಸಿಕೊಂಡು ಎದ್ದರು.

ಕಾಲೇಜು ಗಾಜಿನ ಕಟ್ಟಡ. ಹೆಬ್ಬಾಗಿಲಲ್ಲೇ ದೊಡ್ಡ ಫಲಕ, ಅದರ ಮೇಲೆ ನಗುವ ಮುಖಗಳ ಸಾಲು, ಪ್ರತಿ ಮುಖದ ಕೆಳಗೊಂದು ಕಂಪನಿಯ ಹೆಸರು. ದೊಡ್ಡಣ್ಣ ಬಿದ್ದ ಜಾಗವನ್ನು ಆಗಲೇ ತೊಳೆದು, ಮೇಲೆ ಹೂಕುಂಡಗಳನ್ನು ಜೋಡಿಸಿದ್ದರು.

ಡೀನ್ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವ ಮನುಷ್ಯ. ತುಂಬ ನೋವಾಗಿದೆ ಎಂದರು. ನಿನ್ನೆ ನಾಲ್ಕನೇ ಮಹಡಿಯಲ್ಲಿ ಒಂದು ಕಂಪನಿಯ ಇಂಟರ್‌ವ್ಯೂ ಇತ್ತು, ಪಾಪ, ದೊಡ್ಡಣ್ಣನೂ ಕೋಟು ಹಾಕಿಕೊಂಡು ಬಂದಿದ್ದ, ಆಯ್ಕೆಯಾಗಲಿಲ್ಲ, ಸೀದಾ ತಾರಸಿಗೆ ಹತ್ತಿದ ಎಂದರು. ಯಾವ ಕಂಪನಿ ಎಂದಾಗ 'ಗ್ಲೋಬಲ್' ಎಂದು ಶುರುವಾಗಿ 'ಸೊಲ್ಯೂಷನ್ಸ್' ಎಂದು ಮುಗಿಯುವ ಒಂದು ಉದ್ದನೆಯ ಹೆಸರು ಹೇಳಿದರು. ಬಂದ ಅಧಿಕಾರಿ ಬೇರೆ ಊರಿನವರು, ಘಟನೆಯಿಂದ ಗಾಬರಿಯಾಗಿ ಕೂಡಲೇ ಹೊರಟುಹೋದರಂತೆ.

ಇನ್ಸ್‌ಪೆಕ್ಟರಮ್ಮ ಮರುಮಾತಾಡದೆ ಹೊರಗೆ ಬಂದರು. ಆ ಕಂಪನಿಯ ಜಾತಕ ತೆಗೆಯಲು ಹೆಡ್ ಕಾನ್‌ಸ್ಟೇಬಲ್‌ಗೆ ಹೇಳಿದರು.

ಕ್ಯಾಂಟೀನಿನ ಮೆಟ್ಟಿಲ ಮೇಲೆ ಒಬ್ಬ ಯುವಕ ತಣ್ಣಗಾದ ಕಾಫಿ ಹಿಡಿದು ಕೂತಿದ್ದ. ದೊಡ್ಡಣ್ಣನ ಬೆಂಚಿನವನು. ದಂತವೈದ್ಯ, ಸ್ವಂತ ಆಸ್ಪತ್ರೆ ಕಟ್ಟುವ ಆಸೆಗೆ ಬಿಸಿನೆಸ್ ಓದಲು ಬಂದಿದ್ದ. ಎಲ್ಲರ ಬಾಯಲ್ಲೂ ಹಲ್ಲಿನ ಡಾಕ್ಟರ್. ಮೊದಲು ಅವನು ಮಾತಾಡಲು ಒಪ್ಪಲಿಲ್ಲ.

"ಬಾಯಿ ಬಿಡಿಸೋದು ನನ್ನ ಕಸುಬು ಮೇಡಂ. ಬಾಯಿ ಬಿಡೋದಲ್ಲ."

"ನನ್ನದೂ ಅದೇ ಕಸುಬು," ಎಂದು ಇನ್ಸ್‌ಪೆಕ್ಟರಮ್ಮ ಪಕ್ಕದಲ್ಲೇ ಕೂತರು.

ಅವನು ನಗಲು ಹೋಗಿ ಅತ್ತ. ದೊಡ್ಡಣ್ಣ ಇಲ್ಲದಿದ್ದರೆ ತಾನು ಮೊದಲ ಪರೀಕ್ಷೆಯಲ್ಲೇ ಓಡಿಹೋಗುತ್ತಿದ್ದೆ ಎಂದ. ಆಮೇಲೆ ಹೇಳಿದ ಮಾತು ಕೇಳಿ ಇನ್ಸ್‌ಪೆಕ್ಟರಮ್ಮನ ಕಿವಿ ನೆಟ್ಟಗಾಯಿತು. ನಿನ್ನೆಯ ಇಂಟರ್‌ವ್ಯೂ ಇವರ ತರಗತಿಗೆ ಇರಲೇ ಇಲ್ಲ. ಇವರಿಗೆಲ್ಲ ಆ ದಿನ ಕಾಲೇಜಿಗೇ ಬರಬೇಡಿ ಎಂದಿದ್ದರು. ಇಂಟರ್‌ವ್ಯೂ ಇದ್ದದ್ದು ವಾರಾಂತ್ಯದ ಬ್ಯಾಚಿಗೆ. ಅವರು ವಾರವೆಲ್ಲ ದುಡಿದು, ರಜೆಯ ದಿನ ಪೇಟೆಯ ಇನ್ನೊಂದು ತುದಿಯ ಬಾಡಿಗೆ ಕಟ್ಟಡದಲ್ಲಿ ಪಾಠ ಕೇಳುವವರು. ಈ ಗಾಜಿನ ಕಟ್ಟಡವನ್ನು ಅವರು ನೋಡಿದ್ದೇ ನಿನ್ನೆ.

"ಅವರಿಗೂ ದೊಡ್ಡಣ್ಣನಿಗೂ ಪರಿಚಯ?"

"ಮುಖಾನೇ ಗೊತ್ತಿಲ್ಲ."

ಗೇಟಿನವನನ್ನು ವಿಚಾರಿಸಿದಾಗ ಉಳಿದದ್ದು ತಿಳಿಯಿತು. ವಾರಾಂತ್ಯದ ಬ್ಯಾಚಿನವರನ್ನೆಲ್ಲ ಕೆಳಗಿನ ಹಾಲಿನಲ್ಲಿ ಕೂರಿಸಿದ್ದರು. ಒಬ್ಬ ಹುಡುಗಿಯನ್ನು ಮಾತ್ರ ಮೊದಲು ಮೇಲೆ ಕರೆದಿದ್ದರು. ಸ್ವಲ್ಪ ಹೊತ್ತಿಗೆ ಇಂಟರ್‌ವ್ಯೂ ಮುಂದಕ್ಕೆ ಹೋಗಿದೆ ಎಂದು ಎಲ್ಲರನ್ನೂ ಹಿಂದಿನ ಗೇಟಿನಿಂದ ಕಳಿಸಿಬಿಟ್ಟರು. ಮೇಲೆ ಹೋಗಿದ್ದ ಹುಡುಗಿ ಕೊನೆಗೆ ಇಳಿದು ಬಂದಳು, ಅಳುತ್ತಾ. ಇವನೇ ನೀರು ಕೊಟ್ಟ. ದೊಡ್ಡಾಸ್ಪತ್ರೆಯ ಫೋನಿನ ಮುಂದೆ ಕೂರುವವಳು ಎಂದು ಹೇಳಿಕೊಂಡಳಂತೆ.

ಆಸ್ಪತ್ರೆಯಲ್ಲಿ ಫೋನಿನ ಮುಂದೆ ಬೇರೆ ಯಾರೋ ಕೂತಿದ್ದರು. ಅವಳು ನಿನ್ನೆ ಬೆಳಿಗ್ಗೆ ಬಂದು, ಎಲ್ಲರ ಕೈ ಕುಲುಕಿ, ಕೆಲಸ ಬಿಟ್ಟು ಹೋದಳು ಎಂದರು. ದೊಡ್ಡ ಕಂಪನಿ ಸಿಕ್ಕಿದೆಯಂತೆ ಎಂದೂ ಸೇರಿಸಿದರು. ಆ ಸೇರಿಸಿದ ಮಾತಿನಲ್ಲಿ ಹೊಟ್ಟೆಕಿಚ್ಚು ಇದ್ದದ್ದು ಸ್ಪಷ್ಟವಾಗಿತ್ತು.

ಹುಡುಗಿಯ ಮನೆ ಎಂದರೆ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದು ಕೋಣೆ. ಅಕ್ಕ ತಂಗಿ ಇಬ್ಬರೇ. ಅಕ್ಕ ನೆಲದ ಮೇಲೆ ಕಂಬಳಿ ಹಾಸಿ ಹೊಸ ಬಟ್ಟೆಗೆ ಇಸ್ತ್ರಿ ಮಾಡುತ್ತಿದ್ದಳು. ತಂಗಿ ಬಾಗಿಲು ತೆರೆದವಳೇ ಸಮವಸ್ತ್ರ ಕಂಡು ಹಿಂದೆ ಸರಿದಳು.

ಅವಳಿಗೆ ಭಯಕ್ಕಿಂತ ನಾಚಿಕೆ ಜಾಸ್ತಿ ಇತ್ತು. ಇಂಟರ್‌ವ್ಯೂನಲ್ಲಿ ತಾನೇ ಏನೋ ಹಾಳು ಮಾಡಿದೆ ಎಂಬುದೇ ಅವಳ ಕೊರಗು. ಏನು ತಪ್ಪು ಹೇಳಿದೆ ಅಂತ ಯಾರಾದರೂ ಹೇಳಿದರೆ ಮುಂದಿನ ಸಲ ತಿದ್ದಿಕೊಳ್ಳುತ್ತೇನೆ ಎಂದಳು. ಮೇಜಿನ ಆಚೆ ಒಬ್ಬರೇ ಅಧಿಕಾರಿ ಇದ್ದರಂತೆ. ಕೋಟು, ಟೈ. ತುಂಬ ಮರ್ಯಾದಸ್ಥರು. ಇವಳು ಒಳಗೆ ಹೋದಾಗ ಎದ್ದು ನಿಂತು ಕುರ್ಚಿ ತೋರಿಸಿದರು.

"ಏನು ಕೇಳಿದ್ರು?"

"ಹೆಸರು ಕೇಳಿದ್ರು. ಈಗ ಎಲ್ಲಿ ಕೆಲಸ ಮಾಡ್ತಿದೀಯಮ್ಮ ಅಂದ್ರು. ತಕ್ಷಣ ಸೇರೋರಿಗೆ ಮೊದಲ ಅವಕಾಶ ಅಂತ ಕಾಲೇಜಲ್ಲಿ ಹೇಳಿದ್ರಲ್ಲ, ಅದಕ್ಕೇ ಬೆಳಿಗ್ಗೇನೇ ಬಿಟ್ಟು ಬಂದೆ ಸರ್ ಅಂದೆ."

"ಆಮೇಲೆ?"

"ಪೆನ್ನು ಕೆಳಗಿಟ್ಟರು. ಅಯ್ಯೋ ತಾಯಿ ಅಂದ್ರು. ಎದ್ದು ಹೊರಗೆ ಹೋಗಿಬಿಟ್ಟರು."

ಇನ್ಸ್‌ಪೆಕ್ಟರಮ್ಮ ಫೋಟೋ ತೆಗೆದು ಅವಳ ಕೈಗೆ ಕೊಟ್ಟರು. ದೊಡ್ಡಣ್ಣ ಬಾಯ್ಲರ್ ಎದುರು ನಿಂತಿದ್ದ ಹಳೆಯ ಫೋಟೋ. ಮಸಿಯಾದ ಖಾಕಿ ಬಟ್ಟೆ, ಕೊರಳಿಗೆ ಸುತ್ತಿದ ಒದ್ದೆ ಟವೆಲ್ಲು, ಬಾಯಿ ತುಂಬ ನಗು.

ಹುಡುಗಿ ತುಂಬ ಹೊತ್ತು ನೋಡಿದಳು.

"ಇವರೇ. ಇಷ್ಟು ದೊಡ್ಡ ಅಧಿಕಾರಿ ಆಗೋ ಮೊದಲು ಇಂಥ ಕೆಲಸಾನೂ ಮಾಡಿದ್ರಾ ಮೇಡಂ?"

ಇಸ್ತ್ರಿಪೆಟ್ಟಿಗೆ ಹಿಡಿದಿದ್ದ ಅಕ್ಕ ಕೂಡ ಎದ್ದು ಬಂದು ಫೋಟೋ ನೋಡಿದಳು. ಕಷ್ಟಪಟ್ಟು ಮೇಲೆ ಬಂದವರು ಬೇರೆಯವರ ಕಷ್ಟ ಬಲ್ಲರು, ಬೇರೆ ದಿನ ಖಂಡಿತ ಕರೆಯುತ್ತಾರೆ ನೋಡು ಎಂದು ತಂಗಿಗೆ ಧೈರ್ಯ ಹೇಳಿದಳು.

ಇನ್ಸ್‌ಪೆಕ್ಟರಮ್ಮ ಫೋಟೋ ವಾಪಸು ತೆಗೆದುಕೊಂಡರು. ಕೆಲಸ ಕೇಳಲು ಹೋದವನಲ್ಲ ದೊಡ್ಡಣ್ಣ. ಕೆಲಸ ಕೊಡುವವನ ವೇಷ ಹಾಕಿ ಅವನನ್ನು ಕೂರಿಸಿದ್ದರು. ನರೆತ ಮೀಸೆ, ತೂಕದ ಮಾತು. ವೇಷಕ್ಕೆ ತಕ್ಕ ಆಳು.

ಅವರು ಹೊರಗೆ ಹೋದ ಮೇಲೆ ನೀನೇನು ಮಾಡಿದೆ ಎಂದು ಕೇಳಿದರು. ಅಲ್ಲೇ ಕೂತಿದ್ದೆ ಎಂದಳು. ಬಾಗಿಲು ಅರೆ ತೆರೆದಿತ್ತು. ಹೊರಗೆ ಮಾತು ಕೇಳಿಸುತ್ತಿತ್ತು. ಆ ಅಧಿಕಾರಿ, ನಾನು ಕೆಳಗೆ ಹೋಗಿ ಎಲ್ಲರಿಗೂ ಹೇಳ್ತೀನಿ ಎಂದರು. ಇನ್ನೊಬ್ಬ ಗಂಡಸು ಮೆಲ್ಲಗೆ, ಇಲ್ಲಿ ಬೇಡ, ಮೇಲೆ ಬನ್ನಿ, ಗಾಳಿಗೆ ನಿಂತು ಮಾತಾಡೋಣ ಎಂದ. ಆಮೇಲೆ ಹೆಜ್ಜೆ ಸಪ್ಪಳ. ಆಮೇಲೆ ಏನೂ ಇಲ್ಲ.

"ಆ ಇನ್ನೊಬ್ಬರ ಮುಖ ನೋಡಿದ್ಯಾ?"

"ಇಲ್ಲ. ಆದ್ರೆ ದನಿ ಮತ್ತೆ ಕೇಳಿದ್ರೆ ಗೊತ್ತಾಗುತ್ತೆ. ದಿನವೆಲ್ಲ ದನಿ ಕೇಳೋದೇ ನನ್ನ ಕೆಲಸ ಆಗಿತ್ತು."

ಕಾಲೇಜಿನಲ್ಲಿ ಯಾರೋ ಬಿದ್ದು ಸತ್ತರಂತೆ ಎಂಬುದು ಅವಳಿಗೆ ತಿಳಿದಿತ್ತು. ಆದರೆ ಸತ್ತವನು ಯಾವನೋ ವಯಸ್ಸಾದ ವಿದ್ಯಾರ್ಥಿ. ತನ್ನ ಅಧಿಕಾರಿ ಬೇರೆ. ಎರಡನ್ನೂ ಅವಳು ಸೇರಿಸಿ ನೋಡಿರಲಿಲ್ಲ. ನೋಡುವ ಕಾರಣವೂ ಇರಲಿಲ್ಲ.

"ನನ್ನ ಕೆಲಸದ ಗತಿ ಏನು ಮೇಡಂ? ನಿಮಗೇನಾದ್ರೂ ಗೊತ್ತಾಯ್ತಾ?"

ಆಗಲೇ ಹೇಳಬೇಕಿತ್ತು. ಇನ್ಸ್‌ಪೆಕ್ಟರಮ್ಮ ಬಾಯಿ ತೆರೆದರು. ಅಕ್ಕ ಕಾಲರಿನ ಮೂಲೆಯನ್ನು ಬೆರಳಿಂದ ತೀಡಿ ತೀಡಿ ಇಸ್ತ್ರಿ ಹಾಕುತ್ತಿದ್ದುದು ಕಣ್ಣಿಗೆ ಬಿತ್ತು. ಗೂಡಿನಂಥ ಆ ಕೋಣೆಯಲ್ಲಿ ನಿಂತು ಆ ಮಾತು ಆಡಲಾಗಲಿಲ್ಲ. ಪೂರ್ತಿ ಖಚಿತವಾದ ಮೇಲೆ ಹೇಳಿದರಾಯಿತು ಎಂದು ತಮಗೆ ತಾವೇ ಸಮಾಧಾನ ಮಾಡಿಕೊಂಡರು.

"ಸ್ವಲ್ಪ ತಾಳಮ್ಮ," ಎಂದಷ್ಟೇ ಹೇಳಿ, ಫೋನ್ ನಂಬರು ಬರೆದುಕೊಂಡು ಇಳಿದರು.

ಜೀಪಿನ ಹತ್ತಿರ ಹೆಡ್ ಕಾನ್‌ಸ್ಟೇಬಲ್ ಕಾಯುತ್ತಿದ್ದ. ಗ್ಲೋಬಲ್ ಎಂದು ಶುರುವಾಗುವ ಆ ಕಂಪನಿಗೆ ಹೆಸರೊಂದು ಬಿಟ್ಟು ಬೇರೇನೂ ಇಲ್ಲ. ಕಚೇರಿ ಇಲ್ಲ, ಆಳಿಲ್ಲ, ಸರ್ಕಾರದ ಯಾವ ದಾಖಲೆಯಲ್ಲೂ ಸುಳಿವಿಲ್ಲ.

"ಹುಟ್ಟದ ಮಗುಗೆ ಕುಲಾವಿ ಹೊಲಿದಿದಾರೆ ಮೇಡಂ," ಎಂದ ಅವನು.

ಹಲ್ಲಿನ ಡಾಕ್ಟರನನ್ನು ಕರೆದುಕೊಂಡು ಇನ್ಸ್‌ಪೆಕ್ಟರಮ್ಮ ಮತ್ತೆ ಕಾಲೇಜಿಗೆ ಹೋದರು. ನಾಲ್ಕನೇ ಮಹಡಿಯ ಕೊನೆಯಲ್ಲಿ, ತಾರಸಿಯ ಮೆಟ್ಟಿಲಿಗೆ ಎದುರಾಗಿ ಒಂದು ತರಬೇತಿ ಕೋಣೆ. ಅದರ ಒಂದು ಗೋಡೆಗೆ ಪೂರ್ತಿ ಕನ್ನಡಿ. ಹೇಗೆ ನಡೆಯಬೇಕು, ಹೇಗೆ ಕೂರಬೇಕು, ಕೈ ಎಷ್ಟು ಬಿಗಿಯಾಗಿ ಕುಲುಕಬೇಕು ಎಂದು ವಿದ್ಯಾರ್ಥಿಗಳನ್ನು ಅದರ ಮುಂದೆ ತಿದ್ದುವ ಶಿಕ್ಷಕಿಗೆ ಕನ್ನಡಿ ಮೇಡಂ ಎಂದೇ ಹೆಸರು.

ಕನ್ನಡಿ ಮೇಡಂ ಮೇಜಿನ ಹಿಂದೆ ನೆಟ್ಟಗೆ ಕೂತಿದ್ದರು. ನಿದ್ದೆಯಿಲ್ಲದ ಕಣ್ಣಿಗೆ ಕಾಡಿಗೆ ತಿದ್ದಿದ್ದರು. ಮೇಜಿನ ಮೇಲೆ ನೀರಿನ ಲೋಟ, ಮಗುಚಿ ಇಟ್ಟ ಫೋನು.

ಇನ್ಸ್‌ಪೆಕ್ಟರಮ್ಮ ಪೀಠಿಕೆ ಹಾಕಲಿಲ್ಲ. ಜೇಬಿನಿಂದ ಒಂದು ಟೈ ತೆಗೆದು ಮೇಜಿನ ಮೇಲಿಟ್ಟರು. ನಮ್ಮ ಡಾಕ್ಟರಿಗೆ ಇದೊಂದು ಕಟ್ಟಿಬಿಡಿ ಎಂದರು.

ಕನ್ನಡಿ ಮೇಡಂಗೆ ಅರ್ಥವಾಗಲಿಲ್ಲ. ಆದರೆ ಎಷ್ಟೋ ಹುಡುಗರಿಗೆ ಕಟ್ಟಿ ರೂಢಿಯಾದ ಕೈ. ಎದ್ದು ಬಂದು, ಎದುರು ನಿಂತು, ಕಾಲರು ಎತ್ತಿ, ಸರಸರನೆ ಸುತ್ತಿ ಎಳೆದರು. ಕೊನೆಗೆ ಎರಡು ಬೆರಳಿನಿಂದ ಗಂಟನ್ನು ಮೆಲ್ಲಗೆ ಒತ್ತಿ ಕೂರಿಸಿದರು.

ಗಂಟು ಉಲ್ಟಾ ದಿಕ್ಕಿಗೆ ವಾಲಿತ್ತು.

ಇನ್ಸ್‌ಪೆಕ್ಟರಮ್ಮ ಡಾಕ್ಟರನನ್ನು ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿದರು.

"ನಿನ್ನೆ ಸತ್ತವರ ಕುತ್ತಿಗೇಲಿ ಇದೇ ಗಂಟು ಇತ್ತು. ಅವರನ್ನ ಆ ಮೇಜಿನ ಹಿಂದೆ ಕೂರೋಕೆ ಸಿಂಗಾರ ಮಾಡಿ ಕಳಿಸಿದ್ದು ನೀವು."

ಕನ್ನಡಿ ಮೇಡಂ ಇಲ್ಲವೆಂದರು. ನಿನ್ನೆ ತಾನು ದೊಡ್ಡಣ್ಣನನ್ನು ನೋಡಿಯೇ ಇಲ್ಲ, ಬೇಕಾದರೆ ಯಾರನ್ನಾದರೂ ಕೇಳಿ ಎಂದರು. ದನಿ ಗಟ್ಟಿಯಾಗಿತ್ತು, ಮಾತಾಡುವುದನ್ನು ಕಲಿಸುವವರ ದನಿ. ಕಾಣದ ಕಂಪನಿಯ ಬಗ್ಗೆ ಕೇಳಿದರೆ, ತನಗೆ ಅದೆಲ್ಲ ತಿಳಿಯದು, ಡೀನ್ ಸರ್ ನೋಡಿಕೊಳ್ಳುತ್ತಾರೆ ಎಂದರು. ಪ್ರಶ್ನೆ ತಿರುಗಿಸಿ ಕೇಳಿದಷ್ಟೂ ಅದೇ ಉತ್ತರ, ಕನ್ನಡಿಯೊಳಗಿನ ಪ್ರತಿಬಿಂಬದ ಹಾಗೆ ಅಷ್ಟೇ ನೆಟ್ಟಗೆ.

ಶವಾಗಾರದ ಬೆಂಚಿನ ಹೆಂಗಸಿನ ಗಲ್ಲ ನಡುಗಿದ್ದು ಇನ್ಸ್‌ಪೆಕ್ಟರಮ್ಮನಿಗೆ ನೆನಪಾಯಿತು. ಸಿಟ್ಟು ನೆತ್ತಿಗೇರಿತು.

"ಸಾಕು ಮಾಡಿ. ಹೊರಗೆ ನಿಂತು ಅವರನ್ನ ತಾರಸಿಗೆ ಕರೆದವರ ದನಿ ಕೇಳಿದ ಸಾಕ್ಷಿ ಇದೆ. ಮತ್ತೆ ಕೇಳಿದ್ರೆ ಅವಳು ಗುರುತು ಹಿಡೀತಾಳೆ."

ಆಡಿದ ಮೇಲೆ ಮಾತು ಸರಿಯಾಗಲಿಲ್ಲ ಎನಿಸಿತು. ಸಾಕ್ಷಿ ಎಂದು ಬಿಟ್ಟಿದ್ದರೆ ಸಾಕಿತ್ತು. 'ಅವಳು' ಎಂದುಬಿಟ್ಟಿದ್ದರು. ಆದರೆ ಎದುರಿಗಿದ್ದದ್ದು ಒಬ್ಬರೇ ಹೆಂಗಸು, ಬಾಗಿಲು ಹಾಕಿದೆ. ಹೋಗಲಿ ಎಂದು ಸುಮ್ಮನಾದರು.

ಆ ಮಾತಿಗೆ ಕನ್ನಡಿ ಮೇಡಂ ಕುಸಿದರು. ನೆಟ್ಟಗಿದ್ದ ಬೆನ್ನು ಬಾಗಿತು. ಆಮೇಲೆ ಅವರು ಹೇಳಿದ್ದು ದೊಡ್ಡ ಕಥೆ. ಮಧ್ಯೆ ಮಧ್ಯೆ ಅಳು, ನೀರು, ಮತ್ತೆ ಮೊದಲಿನಿಂದ.

ಶುರುವಿನಲ್ಲಿ ನಿಜವಾದ ಕಂಪನಿಗಳೇ ಬರುತ್ತಿದ್ದವು. ಆಮೇಲೆ ಒಂದೊಂದಾಗಿ ನಿಂತವು. ಕೆಲಸ ಸಿಗುವುದಿಲ್ಲ ಎಂಬ ಸುದ್ದಿ ಹಬ್ಬಿದರೆ ಸೇರಲು ಯಾರೂ ಬರುವುದಿಲ್ಲ. ಅದಕ್ಕೆ ಡೀನ್ ಈ ದಾರಿ ಹುಡುಕಿದರು. ಹೆಬ್ಬಾಗಿಲ ಫಲಕದ ಮೇಲಿನ ನಗುವ ಮುಖಗಳಲ್ಲಿ ಎಷ್ಟೋ ಮಂದಿ ಇನ್ನೂ ಸೇರುವ ದಿನ ಯಾವುದೆಂದು ಕಾಯುತ್ತಿದ್ದಾರೆ.

ಮೊದಲ ಸಲ ದೊಡ್ಡಣ್ಣನನ್ನು ಕೂರಿಸಿದಾಗ ಇದು ಬರೀ ಅಭ್ಯಾಸ, ಕಿರಿಯರಿಗೆ ಧೈರ್ಯ ಬರಲಿ ಎಂದು ನಂಬಿಸಿದ್ದರು. ಅವನು ಹಿಗ್ಗಿ ಹೀರೇಕಾಯಿಯಾಗಿದ್ದ. ಬಂದವರನ್ನೆಲ್ಲ ಮಾತಾಡಿಸಿದ, ಬೆನ್ನು ತಟ್ಟಿದ. ಆಮೇಲೊಂದು ದಿನ ಅವರಲ್ಲೊಬ್ಬ ಹುಡುಗ ಅವನನ್ನು ಬೀದಿಯಲ್ಲಿ ಗುರುತು ಹಿಡಿದು, ಸರ್, ಯಾವಾಗ ಕರೀತೀರಿ, ಇದ್ದ ಕೆಲಸಾನೂ ಬಿಟ್ಟೆ ಎಂದು ಕೈ ಮುಗಿದ. ದೊಡ್ಡಣ್ಣನಿಗೆ ಎಲ್ಲ ಅರ್ಥವಾಯಿತು.

"ಎರಡನೇ ಸಲ ಯಾಕೆ ಒಪ್ಪಿದ್ರು?"

"ಒಪ್ಪದಿದ್ರೆ ಡಿಗ್ರಿ ಕೊಡಲ್ಲ ಅಂದ್ರು ಡೀನ್ ಸರ್. ಅದಕ್ಕೇ ಒಪ್ಪಿದ್ರು ಅಂದ್ಕೊಂಡಿದ್ದೆ. ಇಲ್ಲೇ ನಿಂತು ಟೈ ಕಟ್ಟಿಸ್ಕೊಳ್ತಾ ಹೇಳಿಬಿಟ್ರು. ಬರೋ ಒಬ್ಬೊಬ್ಬರಿಗೂ ನಿಜ ಹೇಳಿ ಕಳಿಸ್ತೀನಿ ಮೇಡಂ, ಇರೋ ಕೆಲಸ ಬಿಡಬೇಡಿ ಅಂತೀನಿ, ಅದಕ್ಕೇ ಬಂದೆ ಅಂತ." ಕಾಡಿಗೆ ಕೆನ್ನೆಯ ಮೇಲೆ ಇಳಿದಿತ್ತು. "ಗಂಟು ಸರಿ ಮಾಡ್ದೆ. ಏನೂ ಹೇಳಲಿಲ್ಲ ನಾನು. ಹೋಗಿ ಬನ್ನಿ ಅಂದೆ."

ಒಳಗೆ ಬಂದ ಮೊದಲನೆಯವಳೇ ಆಗಲೇ ಕೆಲಸ ಬಿಟ್ಟು ಬಂದಿದ್ದಳು. ಅವನು ತಡವಾಗಿ ತಲುಪಿದ್ದ.

ಇನ್ಸ್‌ಪೆಕ್ಟರಮ್ಮ ನೀರಿನ ಲೋಟವನ್ನು ಅವರ ಕಡೆ ಸರಿಸಿದರು. ಕಿಟಕಿಯ ಬಿಸಿಲು ಮೇಜು ಬಿಟ್ಟು ಗೋಡೆಗೆ ಸರಿದಿತ್ತು.

"ಅವರು ಎದ್ದು ಹೊರಗೆ ಬಂದ ಮೇಲೆ?"

"ಬಾಗಿಲು ತೆರೆದಿತ್ತು. ನಾನು ಬೆನ್ನು ಮಾಡಿ ನಿಂತಿದ್ದೆ. ಕನ್ನಡೀಲಿ ಕಾಣ್ತಿತ್ತು." ಕನ್ನಡಿ ಮೇಡಂ ಗೋಡೆಯ ಕಡೆ ನೋಡಿದರು. "ಮೆಟ್ಟಿಲು ಹತ್ತಿದ್ದು ಇಬ್ಬರು. ಇಳಿದು ಬಂದದ್ದು ಒಬ್ಬರೇ."

"ಯಾರು?"

ತುಟಿ ಅಲುಗಿತು, ಹೆಸರು ಬರಲಿಲ್ಲ. ಅವರ ಕಣ್ಣು ಮಾತ್ರ ಮೇಜಿನ ಮೇಲೆ ಹೋಗಿ ನಿಂತಿತು. ಮಗುಚಿ ಇಟ್ಟ ಫೋನಿನ ಮೇಲೆ.

ಅದರ ಅಂಚಿನಲ್ಲಿ ಕೂದಲೆಳೆಯಷ್ಟು ಬೆಳಕಿತ್ತು.

ಇನ್ಸ್‌ಪೆಕ್ಟರಮ್ಮ ಫೋನು ಎತ್ತಿ ತಿರುಗಿಸಿದರು. ಕರೆ ನಡೆಯುತ್ತಿತ್ತು. ಅವರು ಈ ಕೋಣೆಗೆ ಕಾಲಿಡುವ ಮೊದಲಿನಿಂದಲೂ ನಡೆಯುತ್ತಿತ್ತು. ಪರದೆಯ ಮೇಲೆ ಡೀನ್ ಸರ್ ಎಂದಿತ್ತು.

"ನೀವು ಬರೋದು ಗೇಟಲ್ಲೇ ಗೊತ್ತಾಯ್ತಂತೆ. ಕಟ್ ಮಾಡಬೇಡ, ಹಾಗೇ ಇಟ್ಟಿರು ಅಂದ್ರು. ನನಗೂ ಮಕ್ಕಳಿದಾರೆ ಮೇಡಂ."

ಇನ್ಸ್‌ಪೆಕ್ಟರಮ್ಮ ಫೋನು ಕಿವಿಗಿಟ್ಟುಕೊಂಡರು. ಆ ಕಡೆ ಉಸಿರಿನ ಸದ್ದಿಲ್ಲ. ಎಲ್ಲೋ ಒಂದು ಫ್ಯಾನು ತಿರುಗುತ್ತಿತ್ತು, ಅಷ್ಟೇ. ಯಾರೋ ಕರೆಯನ್ನು ಹಾಗೇ ಬಿಟ್ಟು ಎದ್ದು ಹೋಗಿದ್ದರು.

ಹೆಡ್ ಕಾನ್‌ಸ್ಟೇಬಲ್‌ನನ್ನು ಕೂಗಿ ಡೀನ್ ಕೋಣೆಗೆ ಓಡಿಸಿದರು. ಅವನು ಅಲ್ಲಿಂದಲೇ ಫೋನ್ ಮಾಡಿದ. ಬಾಗಿಲು ಹಾರು ಹೊಡೆದಿದೆ, ಫ್ಯಾನು ತಿರುಗುತ್ತಿದೆ, ಕುರ್ಚಿ ಖಾಲಿ. ಬಹಳ ಹೊತ್ತಿನ ಹಿಂದೆಯೇ ಇಳಿದು ಹೋದರಂತೆ.

'ಅವಳು' ಎಂಬ ಒಂದು ಮಾತು ಸಾಕಾಗಿತ್ತು. ನಿನ್ನೆ ಆ ಮಹಡಿಗೆ ಹತ್ತಿದ ಅಭ್ಯರ್ಥಿ ಒಬ್ಬಳೇ. ಅವಳ ಹೆಸರು, ಮನೆ, ನಂಬರು ಎಲ್ಲ ಕಾಲೇಜಿನ ಕೈಯಲ್ಲೇ ಇದೆ.

ಇನ್ಸ್‌ಪೆಕ್ಟರಮ್ಮ ಮೆಟ್ಟಿಲಿಳಿಯುತ್ತಲೇ ಹುಡುಗಿಯ ನಂಬರಿಗೆ ಹೊಡೆದರು. ರಿಂಗಾಯಿತು. ಆಗುತ್ತಲೇ ಇತ್ತು. ಕೊನೆಗೆ ಯಾರೋ ಎತ್ತಿದರು.

ಅಕ್ಕ. ಓಡಿ ಬಂದು ಎತ್ತಿದವಳ ಹಾಗೆ ಏದುಸಿರು ಬಿಡುತ್ತಿದ್ದಳು. ದನಿಯಲ್ಲಿ ಸಂತೋಷ ತುಳುಕುತ್ತಿತ್ತು.

"ನೀವಾ ಮೇಡಂ. ನೀವು ಬಂದ ಕಾಲ್ಗುಣ ನೋಡಿ. ಕಂಪನಿಯೋರೇ ಫೋನ್ ಮಾಡಿದ್ರು. ಇವತ್ತೇ ಬಂದು ಸೇರ್ಕೊಳ್ಳಿ ಅಂದ್ರು, ಕಾರನ್ನೂ ಅವರೇ ಕಳಿಸಿದ್ರು. ಇಸ್ತ್ರಿ ಮಾಡಿಟ್ಟಿದ್ದು ಒಳ್ಳೇದೇ ಆಯ್ತು."

"ಎಷ್ಟೊತ್ತಾಯ್ತು ಹೋಗಿ? ಫೋನ್ ಯಾಕೆ ಬಿಟ್ಟು ಹೋದಳು?"

"ಅವರೇ ಹೇಳಿದ್ರಂತೆ, ಹಳೇ ಫೋನ್ ತರಬೇಡಿ, ಕಂಪನಿಯಿಂದ ಹೊಸದು ಕೊಡ್ತೀವಿ ಅಂತ. ಗಡಿಬಿಡೀಲಿ ಊಟದ ಡಬ್ಬೀನೂ ಮರೆತು ಹೋಗಿದಾಳೆ ನೋಡಿ. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಹಾಕಿಲ್ಲ." ಕೆಳಗೆ ಎಲ್ಲೋ ಸೈಕಲ್ ಗಂಟೆ ಕೇಳಿಸಿತು. ಅಕ್ಕ ಆಗಲೇ ಮೆಟ್ಟಿಲಿಳಿಯುತ್ತಿದ್ದಳು. "ಡಬ್ಬಿ ತಗೊಂಡು ನಾನೇ ಹೊರಟೆ. ಆ ಕಂಪನಿ ಎಲ್ಲಿದೆ ಅಂತ ಸ್ವಲ್ಪ ಹೇಳ್ತೀರಾ ಮೇಡಂ?"